ಪಂಪ್ ಬದಲಿಸುವ ಮುನ್ನ ವೈರ್ ಅಳೆದು ನೋಡಿ

ಪ್ರಶ್ನೆ: ನನ್ನದು ಸುಮಾರು 8 ಮೀಟರ್ ಉದ್ದದ, ಒಡಲೊಳಗೇ ಪೆಟ್ರೋಲ್ ಎಂಜಿನ್ ಇರುವ ವಿಹಾರದ ದೋಣಿ. ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಬಿಲ್ಜ್ ಪಂಪ್ ಎರಡು ವರ್ಷಗಳಿಂದ ಕಾಡುತ್ತಿದೆ. ಸ್ವಿಚ್ ಹಾಕಿದರೆ ಕೆಲವೊಮ್ಮೆ ತಿರುಗುತ್ತದೆ, ಆದರೆ ಸದ್ದು ಮಾತ್ರ ಕೇಳುತ್ತದೆ. ನೀರು ಸಣ್ಣ ಎಳೆಯಂತೆ ಬರುತ್ತದೆ. ‘ಆಟೋ’ದಲ್ಲಿ ಬಿಟ್ಟು ಹೋದರೆ ನೀರು ತುಂಬಿದರೂ ಚಾಲೂ ಆಗುವುದಿಲ್ಲ. ಪಂಪಿನ ಮೇಲೆ 4 ಆಂಪಿಯರ್, ಫ್ಯೂಸ್ 5 ಆಂಪಿಯರ್ ಎಂದು ಬರೆದಿದೆ. ಆ ಫ್ಯೂಸ್ ಎರಡು ಸಲ ಹೋದದ್ದರಿಂದ 10 ಆಂಪಿಯರಿನದು ಹಾಕಿದ್ದೇನೆ. ಕಳೆದ ವರ್ಷ ಪಂಪನ್ನೇ ಬದಲಿಸಿದೆ. ಕೆಲವು ತಿಂಗಳು ಸರಿಯಿದ್ದು ಮತ್ತೆ ಅದೇ ತೊಂದರೆ ಶುರುವಾಯಿತು. ಪಂಪಿಗೆ ಬರುವ ವೈರ್‌ಗಳನ್ನು ಬಿಚ್ಚಿ ಮೀಟರ್ ಹಿಡಿದರೆ 12.4 ವೋಲ್ಟ್ ತೋರಿಸುತ್ತದೆ, ಆದ್ದರಿಂದ ವೈರಿಂಗ್ ಸರಿಯಿದೆ ಎಂದುಕೊಂಡಿದ್ದೇನೆ. ಇದಲ್ಲದೆ ನಲ್ಲಿಗಳಿಗೆ ನೀರು ಕೊಡುವ ಸಿಹಿನೀರಿನ ಪಂಪ್ ರಾತ್ರಿ ಯಾರೂ ನಲ್ಲಿ ಮುಟ್ಟದಿದ್ದರೂ ಆಗಾಗ ಒಂದೆರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಎರಡಕ್ಕೂ ಸಂಬಂಧವಿದೆಯೇ? ಇನ್ನೊಂದು ಬಿಲ್ಜ್ ಪಂಪ್ ಕೊಳ್ಳಬೇಕೇ?

ಉತ್ತರ: ಸದ್ಯಕ್ಕೆ ಹೊಸ ಪಂಪ್ ಕೊಳ್ಳಬೇಡಿ. ನೀವು ಬರೆದಿರುವ ಲಕ್ಷಣಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಪಂಪ್ ಬಹುಮಟ್ಟಿಗೆ ಚೆನ್ನಾಗಿಯೇ ಇದೆ, ಅದಕ್ಕೆ ತಲುಪಬೇಕಾದ ವಿದ್ಯುತ್ತು ತಲುಪುತ್ತಿಲ್ಲ ಎಂದೇ ನನಗೆ ಅನಿಸುತ್ತದೆ. ಕಳೆದ ವರ್ಷ ಪಂಪ್ ಬದಲಿಸಿದಾಗ ಕೆಲವು ತಿಂಗಳು ಎಲ್ಲವೂ ಸರಿಯಿತ್ತು ಎಂದಿದ್ದೀರಿ. ಅದು ಬಹಳ ಮುಖ್ಯವಾದ ಸುಳಿವು. ಪಂಪ್ ಬದಲಿಸುವವರು ಹಳೆಯ ಜಾಯಿಂಟನ್ನು ಕತ್ತರಿಸಿ, ವೈರಿನ ತುದಿ ಕೆರೆದು ಹೊಸದಾಗಿ ಜೋಡಿಸುತ್ತಾರೆ. ಹೀಗೆ ಅರಿವಿಲ್ಲದೆಯೇ ವಾಸಿಯಾದದ್ದು ಆ ಜಾಯಿಂಟ್, ಆದರೆ ಹೆಸರು ಬಂದದ್ದು ಹೊಸ ಪಂಪಿಗೆ. ಅದೇ ತೇವದಲ್ಲಿ ಆ ಜಾಯಿಂಟಿಗೆ ಮತ್ತೆ ಕಿಲುಬು ಹಿಡಿದಾಗ ಹಳೆಯ ತೊಂದರೆ ಮರಳಿತು.

ಕೈ ಹಾಕುವ ಮೊದಲು ಕೆಲವು ಎಚ್ಚರಿಕೆಗಳನ್ನು ಹೇಳಲೇಬೇಕು, ದಯವಿಟ್ಟು ಇವುಗಳನ್ನು ದಾಟಿ ಮುಂದೆ ಹೋಗಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದು. ಅದು ಮೇಲೇರಿ ಚದುರುವ ಬದಲು ನೀವು ಕೆಲಸ ಮಾಡಬೇಕಾದ ತಳದಲ್ಲಿಯೇ ಕುಳಿತಿರುತ್ತದೆ, ಮತ್ತು ಸಡಿಲ ವೈರಿನ ಒಂದು ಕಿಡಿ ಅದಕ್ಕೆ ಸಾಕು. ಮುಚ್ಚಳಗಳನ್ನೆಲ್ಲ ತೆರೆದಿಡಿ, ಬಗ್ಗಿ ಮೂಸಿ ನೋಡಿ, ಗಾಳಿ ಹೊರಹಾಕುವ ಬ್ಲೋವರನ್ನು ಕನಿಷ್ಠ 4 ನಿಮಿಷ ಓಡಿಸಿ. ವಾಸನೆ ಉಳಿದಿದ್ದರೆ ಆ ದಿನ ವಿದ್ಯುತ್ತಿನ ಕೆಲಸ ಮುಟ್ಟಬೇಡಿ. ದೋಣಿಗೆ ದಡದಿಂದ ಮೇನ್ಸ್ ಕರೆಂಟಿನ ಕೇಬಲ್ ಬಂದಿದ್ದರೆ ಅದನ್ನು ಪೂರ್ತಿ ಕಳಚಿಟ್ಟ ಮೇಲೆಯೇ ತಳದ ನೀರಿಗೆ ಕೈ ಹಾಕಬೇಕು. 12 ವೋಲ್ಟ್ ಮೈಗೆ ಅಪಾಯ ಮಾಡದಿರಬಹುದು; ಆದರೆ ಬ್ಯಾಟರಿಯ ಎರಡು ತುದಿಗಳ ನಡುವೆ ಸಿಕ್ಕಿದ ಉಂಗುರವೋ ಸ್ಪ್ಯಾನರೋ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಆದ್ದರಿಂದ ಉಂಗುರ ಮತ್ತು ಗಡಿಯಾರ ತೆಗೆದಿಡಿ. ದೋಣಿ ನೀರಿನಲ್ಲಿರುವಾಗಲೇ ಪಂಪನ್ನು ಬಿಚ್ಚುವುದಾದರೆ ಕೈಪಂಪೋ ಬಕೆಟ್ಟೋ ಪಕ್ಕದಲ್ಲಿರಲಿ.

ಈಗ ಆ 12.4 ವೋಲ್ಟಿನ ವಿಷಯಕ್ಕೆ ಬರುತ್ತೇನೆ. ನಲ್ಲಿ ಮುಚ್ಚಿರುವಾಗ, ಪೈಪಿನೊಳಗೆ ಎಷ್ಟೇ ಕೆಸರು ಕಟ್ಟಿಕೊಂಡಿದ್ದರೂ ನಲ್ಲಿಯ ಬಾಯಲ್ಲಿ ಪೂರ್ತಿ ಒತ್ತಡವೇ ಇರುತ್ತದೆ. ನಲ್ಲಿ ತೆರೆದು ನೀರು ಹರಿಯತೊಡಗಿದಾಗಲೇ ಕೆಸರಿನ ಅಡ್ಡಿ ಗೊತ್ತಾಗುವುದು. ವೈರಿನಲ್ಲಿಯೂ ಇದೇ ಆಗುತ್ತದೆ. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರಿನ ಒಳಗಿನ ರೋಧ ಸುಮಾರು 1 ಕೋಟಿ ಓಮ್ ಇರುವುದರಿಂದ ಅದು ವೈರಿನಿಂದ ಎಳೆಯುವ ಕರೆಂಟ್ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಆದ್ದರಿಂದ ನೂರು ಎಳೆಗಳ ವೈರಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ, ಜಾಯಿಂಟಿನೊಳಗೆ ಹಸಿರು ಪುಡಿಯೇ ತುಂಬಿದ್ದರೂ ಮೀಟರ್ 12.4 ಎಂದೇ ತೋರಿಸುತ್ತದೆ. ಪಂಪಿಗೆ 4 ಆಂಪಿಯರ್ ಹರಿಯಬೇಕು. ಕಿಲುಬು ಹಿಡಿದ ಜಾಯಿಂಟಿನಲ್ಲಿ ಅರ್ಧ ಓಮ್ ರೋಧ ಇದ್ದರೆ ಅಲ್ಲಿಯೇ 2 ವೋಲ್ಟ್ ಕಳೆದುಹೋಗುತ್ತದೆ, ಜೊತೆಗೆ 8 ವಾಟ್ ಶಾಖ ಆ ಬೆರಳುದ್ದದ ಜಾಗದಲ್ಲಿಯೇ ಹುಟ್ಟುತ್ತದೆ. ಹಾಗಾಗಿ ವೈರ್ ಬಿಚ್ಚಿ ಅಳೆಯುವ ಕ್ರಮವನ್ನು ಬಿಟ್ಟುಬಿಡಿ. ಪಂಪ್ ಜೋಡಿಸಿದ್ದು ಓಡುತ್ತಿರುವಾಗ, ಅಂದರೆ ಲೋಡ್ ಇರುವಾಗ, ಅಳೆಯಬೇಕು.

ಅಳೆಯುವ ಕ್ರಮ ಹೀಗಿದೆ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಕ್ಲಿಪ್‌ಗಳನ್ನು ಮೊದಲು ಸಿಕ್ಕಿಸಿ, ಆಮೇಲೆ ದೂರದಲ್ಲಿರುವ ಸ್ವಿಚ್ ಹಾಕಿಸಿ. ಇದರಿಂದ ತಳದಲ್ಲಿ ಕಿಡಿ ಹಾರುವ ಸಂದರ್ಭ ತಪ್ಪುತ್ತದೆ. ತಳದಲ್ಲಿ ಪಂಪ್ ಮುಳುಗುವಷ್ಟು ನೀರಿರಲಿ, ಏಕೆಂದರೆ ಒಣಗಿ ತಿರುಗುವ ಪಂಪ್ ಕಡಿಮೆ ಕರೆಂಟ್ ಎಳೆದು ಅಳತೆಯನ್ನು ಹಾಳುಮಾಡುತ್ತದೆ. ಮೊದಲ ಅಳತೆ ಪಂಪ್ ಓಡುತ್ತಿರುವಾಗ ಬ್ಯಾಟರಿಯ ಎರಡು ಕಂಬಗಳ ನಡುವೆ, ಎರಡನೆಯದು ಪಂಪಿನ ಹತ್ತಿರದ ಎರಡು ವೈರ್‌ಗಳ ನಡುವೆ. ಮಾತಿಗೆ ಬ್ಯಾಟರಿಯಲ್ಲಿ 12.5, ಪಂಪಿನಲ್ಲಿ 9.8 ಬಂತು ಎಂದುಕೊಳ್ಳೋಣ. ನಡುವಿನ 2.7 ವೋಲ್ಟ್ ದಾರಿಯಲ್ಲಿ ಎಲ್ಲೋ ಸೋರಿಹೋಗಿದೆ. ಎಲ್ಲಿ ಎಂಬುದನ್ನು ಮೀಟರೇ ಹೇಳುತ್ತದೆ: ಒಂದು ಕ್ಲಿಪ್ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಪಂಪಿನ ಪ್ಲಸ್ ವೈರಿಗೆ ಹಿಡಿದರೆ ಪ್ಲಸ್ ದಾರಿಯ ನಷ್ಟ ಸಿಗುತ್ತದೆ, ಹಾಗೆಯೇ ಮೈನಸ್ ಕಂಬ ಮತ್ತು ಪಂಪಿನ ಮೈನಸ್ ವೈರ್ ನಡುವೆ ಹಿಡಿದರೆ ಮೈನಸ್ ದಾರಿಯ ನಷ್ಟ ಸಿಗುತ್ತದೆ. ಪ್ಲಸ್ ಕಡೆ 0.4, ಮೈನಸ್ ಕಡೆ 2.3 ಬಂದರೆ ಒಟ್ಟು ಸರಿಹೋಯಿತು, ದೋಷ ಮೈನಸ್ ಕಡೆಯಿದೆ. ಇದಕ್ಕೆ ಮೀಟರಿನ ವೈರ್‌ಗಳು ಗಿಡ್ಡವಾಗುತ್ತವೆ; 7–8 ಮೀಟರ್ ಸಾಧಾರಣ ವೈರಿಗೆ ಎರಡೂ ತುದಿಯಲ್ಲಿ ಕ್ಲಿಪ್ ಹಾಕಿ ಇಟ್ಟುಕೊಳ್ಳಿ. ಮೀಟರಿಗೆ ಕರೆಂಟ್ ಹರಿಯುವುದೇ ಇಲ್ಲವೆಂಬಷ್ಟು ಕಡಿಮೆಯಾದ್ದರಿಂದ ಆ ವೈರ್ ಎಷ್ಟೇ ತೆಳುವಾಗಿದ್ದರೂ ಅಳತೆ ಕೆಡುವುದಿಲ್ಲ.

ಮೈನಸ್ ಕಡೆಯ ಉದಾಹರಣೆಯನ್ನು ಬೇಕೆಂದೇ ತೆಗೆದುಕೊಂಡೆ. ಫ್ಯೂಸ್, ಸ್ವಿಚ್, ನೀರು ಏರಿದಾಗ ತೇಲಿ ಎದ್ದು ಪಂಪನ್ನು ಚಾಲೂ ಮಾಡುವ ಫ್ಲೋಟ್ ಸ್ವಿಚ್ ಎಲ್ಲವೂ ಪ್ಲಸ್ ದಾರಿಯಲ್ಲಿರುವುದರಿಂದ ಹುಡುಕುವವರ ಗಮನ ಅಲ್ಲಿಯೇ ಉಳಿದು, ಕಪ್ಪು ವೈರ್ ಹಿಂದಿರುಗುವ ದಾರಿಯನ್ನು ಯಾರೂ ನೋಡುವುದಿಲ್ಲ. ದೋಷವಿರುವ ಕಡೆ ಗೊತ್ತಾದ ಮೇಲೆ ಒಂದು ಕ್ಲಿಪ್ಪನ್ನು ಬ್ಯಾಟರಿಯಲ್ಲಿಯೇ ಬಿಟ್ಟು ಇನ್ನೊಂದನ್ನು ದಾರಿಯುದ್ದಕ್ಕೂ ಸರಿಸುತ್ತಾ ಬನ್ನಿ: ಫ್ಯೂಸಿನ ಮೊದಲು, ಫ್ಯೂಸಿನ ನಂತರ, ಸ್ವಿಚ್ಚಿನ ಎರಡು ಕಡೆ, ಮೈನಸ್ ವೈರ್‌ಗಳೆಲ್ಲ ಬಂದು ಸೇರುವ ನೆಗೆಟಿವ್ ಪಟ್ಟಿಯ ಮೇಲೆ, ಜಾಯಿಂಟಿನ ಹಿಂದೆ ಮತ್ತು ಮುಂದೆ. ಮೀಟರಿನ ಅಂಕಿ ಒಮ್ಮೆಗೇ ಹಾರಿದ ಜಾಗದಲ್ಲಿ ನಿಲ್ಲಿ. ಒಳ್ಳೆಯ ಜಾಯಿಂಟ್ ಅಥವಾ ಫ್ಯೂಸ್ ಹೋಲ್ಡರಿನಲ್ಲಿ ಇಷ್ಟು ಕರೆಂಟಿಗೆ 0.1 ವೋಲ್ಟಿಗಿಂತ ಹೆಚ್ಚು ಬೀಳಬಾರದು. ಈ ಒಂದು ವಿಧಾನ ಗೊತ್ತಿದ್ದರೆ ದೋಣಿಯ ಪಂಪ್ ತೊಂದರೆಗಳಲ್ಲಿ ಹೆಚ್ಚಿನವನ್ನು ಅರ್ಧ ಗಂಟೆಯೊಳಗೆ ಹಿಡಿಯಬಹುದು, ಅದಕ್ಕಾಗಿಯೇ ಇದನ್ನು ಇಷ್ಟು ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಪಂಪ್ ತಿರುಗುತ್ತದೆ, ನೀರು ಮಾತ್ರ ಬರುವುದಿಲ್ಲ ಎಂಬ ನಿಮ್ಮ ಮಾತಿಗೂ ಉತ್ತರ ಇಲ್ಲಿಯೇ ಇದೆ. ಬಿಲ್ಜ್ ಪಂಪ್‌ಗಳಲ್ಲಿ ಬಹುಪಾಲು ಸೆಂಟ್ರಿಫ್ಯೂಗಲ್ ಜಾತಿಯವು, ಅಂದರೆ ರೆಕ್ಕೆಚಕ್ರವಾದ ಇಂಪೆಲರ್ ನೀರನ್ನು ಹೊರಕ್ಕೆ ಚಿಮ್ಮಿಸಿ ಮೇಲೆತ್ತುವಂಥವು. ಇವುಗಳಲ್ಲಿ ನೀರಿನ ಹರಿವು ವೇಗಕ್ಕೆ ತಕ್ಕಂತೆ ಕಡಿಮೆಯಾದರೆ, ನೀರನ್ನು ಎತ್ತಬಲ್ಲ ಎತ್ತರ ವೇಗದ ವರ್ಗಕ್ಕೆ ತಕ್ಕಂತೆ ಕುಸಿಯುತ್ತದೆ. 12.5 ವೋಲ್ಟ್ ಸಿಗಬೇಕಾದಲ್ಲಿ 9.8 ಸಿಕ್ಕರೆ ಮೋಟಾರಿನ ವೇಗ ಐದನೇ ಒಂದು ಭಾಗದಷ್ಟು ತಗ್ಗುತ್ತದೆ, ಎತ್ತುವ ಶಕ್ತಿ ಮಾತ್ರ ಸುಮಾರು ನೂರಕ್ಕೆ 60ಕ್ಕೆ ಇಳಿಯುತ್ತದೆ. ಹೆಚ್ಚೆಂದರೆ 3 ಮೀಟರ್ ಎತ್ತಬಲ್ಲ ಪಂಪ್ 1.8 ಮೀಟರಿನಲ್ಲಿಯೇ ಸೋತು ನಿಲ್ಲುತ್ತದೆ. ನಿಮ್ಮ ಹೊರಪೈಪಿನ ತಿರುವು ಅದಕ್ಕಿಂತ ಕೊಂಚ ಕೆಳಗಿದ್ದರೆ ನೀರು ಎಳೆಯಂತೆ ಬರುತ್ತದೆ, ಅದಕ್ಕಿಂತ ಮೇಲಿದ್ದರೆ ಸದ್ದು ಮಾತ್ರ ಉಳಿಯುತ್ತದೆ. ಪೆಟ್ಟಿಗೆಯ ಮೇಲೆ ಗಂಟೆಗೆ ಇಷ್ಟು ಸಾವಿರ ಲೀಟರ್ ಎಂದು ಮುದ್ರಿಸುವ ಅಂಕಿ ಸಾಮಾನ್ಯವಾಗಿ ಎತ್ತರವೇ ಇಲ್ಲದೆ, ಎಂಜಿನ್ ಚಾರ್ಜ್ ಮಾಡುತ್ತಿರುವಾಗಿನ 13.6 ವೋಲ್ಟಿನಲ್ಲಿ ಅಳೆದದ್ದು. ಕಟ್ಟಿಹಾಕಿದ ದೋಣಿಯಲ್ಲಿ ಅಷ್ಟು ನೀರು ಹೋಗುತ್ತದೆ ಎಂದು ನಂಬಿ ಕೂರಬಾರದು.

ಹೀಗೆ ಹುಡುಕುತ್ತಾ ಹೋಗಿ ನಾನು ಬಿಚ್ಚಿದ ಒಂದು ಜಾಯಿಂಟನ್ನು ಇಲ್ಲಿ ವಿವರಿಸಬೇಕು, ಏಕೆಂದರೆ ನಿಮ್ಮ ದೋಣಿಯಲ್ಲಿಯೂ ನಿಮಗೆ ಕಾಣುವುದು ಬಹುಶಃ ಇದೇ. ಹೊರಗಿನಿಂದ ಅದು ಅಚ್ಚುಕಟ್ಟಾದ ಕಪ್ಪು ಟೇಪಿನ ಸುರುಳಿಯಾಗಿತ್ತು. ಟೇಪನ್ನು ಬಿಡಿಸುತ್ತಾ ಹೋದಂತೆ ಒಳಗಿನ ಸುತ್ತುಗಳು ಅಂಟು ಕರಗಿ ಜಿಗಟಾಗಿದ್ದವು, ಕೊನೆಯ ಸುತ್ತಿನಡಿ ಒಂದೆರಡು ಹನಿ ನೀರು ಹಾಗೆಯೇ ನಿಂತಿತ್ತು. ಒಳಗೆ ಬಿಡಬಾರದೆಂದು ಸುತ್ತಿದ ಟೇಪ್, ಒಳಗೆ ಹೋದ ನೀರನ್ನು ಹೊರಗೆ ಬಿಡದೆ ಕಾಪಾಡಿಕೊಂಡು ಬಂದಿತ್ತು. ತಿರುಚಿದ ತಾಮ್ರದ ಎಳೆಗಳ ಜಾಗದಲ್ಲಿ ಹಸಿರು ಹಿಟ್ಟು. ಬೆರಳಿನಿಂದ ಒತ್ತಿದಾಗ ಎರಡೋ ಮೂರೋ ಎಳೆ ಬಿಟ್ಟು ಉಳಿದದ್ದೆಲ್ಲ ಉದುರಿತು. ವೈರಿನ ಸಿಪ್ಪೆ ಸುಲಿದರೆ ಒಂದು ಗೇಣಿನ ತನಕ ತಾಮ್ರ ಕಪ್ಪಾಗಿತ್ತು, ಏಕೆಂದರೆ ಎಳೆಎಳೆಯಾದ ವೈರ್ ದೀಪದ ಬತ್ತಿಯಂತೆ ನೀರನ್ನು ತನ್ನ ಒಳಗೆ ಎಳೆದುಕೊಳ್ಳುತ್ತದೆ. ಆ ಜಾಯಿಂಟಿನ ಮೂಲಕವೂ ಬಿಚ್ಚಿದ ವೈರಿನಲ್ಲಿ ಮೀಟರ್ 12 ವೋಲ್ಟಿಗಿಂತ ಹೆಚ್ಚು ತೋರಿಸುತ್ತಿತ್ತು.

ತಳದ ಜಾಯಿಂಟ್ ಇಷ್ಟು ಬೇಗ ಹಾಳಾಗುವುದಕ್ಕೆ ತೇವವೊಂದೇ ಕಾರಣ ಎಂದು ತಿಳಿಯಬೇಡಿ. ಸದಾ ಕರೆಂಟ್ ಇರುವ ಪ್ಲಸ್ ವೈರಿನ ಬರಿಯ ತಾಮ್ರ ನೀರಿಗೆ, ಅದರಲ್ಲಿಯೂ ಉಪ್ಪು ನೀರಿಗೆ ತಾಕಿದರೆ, ಅಲ್ಲಿ ವಿದ್ಯುದ್ವಿಭಜನೆ ನಡೆದು ತಾಮ್ರ ಕರಗಿ ನೀರಿಗೆ ಸೇರುತ್ತದೆ. ಲೆಕ್ಕ ಹಾಕಿದರೆ 1 ಮಿಲಿಆಂಪಿಯರಿನಷ್ಟು ಸೋರಿಕೆ ವರ್ಷವಿಡೀ ನಡೆದರೆ ಸುಮಾರು 10 ಗ್ರಾಂ ತಾಮ್ರ ಹೋಗುತ್ತದೆ. 2.5 ಚದರ ಮಿಲಿಮೀಟರಿನ ವೈರಿನಲ್ಲಿ ಅದು ಹೆಚ್ಚುಕಡಿಮೆ ಒಂದು ಮೊಳ ಉದ್ದದ ತಾಮ್ರ. ಯಾವ ಫ್ಯೂಸೂ ಗಮನಿಸದಷ್ಟು ಸಣ್ಣ ಸೋರಿಕೆ ಇದು. ಕೆಲವೊಮ್ಮೆ ಕರಗುವುದು ವೈರ್ ಮಾತ್ರವಲ್ಲ. ಆ ಕರೆಂಟ್ ನೀರಿನ ಮೂಲಕ ದೋಣಿಯ ತಳದ ಲೋಹದ ಭಾಗಗಳನ್ನು ಹಾದುಹೋದರೆ ಅವೂ ಸವೆಯುತ್ತವೆ. ಫ್ಲೋಟ್ ಸ್ವಿಚ್ಚಿಗೆ ಹೋಗುವ ವೈರ್ ಸದಾ ಜೀವಂತವಾಗಿರುವುದರಿಂದ ಆ ಜಾಯಿಂಟೇ ಎಲ್ಲಕ್ಕಿಂತ ಮೊದಲು ಹೋಗುತ್ತದೆ, ನಿಮ್ಮ ‘ಆಟೋ’ ಸತ್ತಿರುವುದಕ್ಕೂ ಇದೇ ಕಾರಣವಿರುವ ಸಾಧ್ಯತೆ ಹೆಚ್ಚು.

ಆದ್ದರಿಂದ ಜಾಯಿಂಟ್‌ಗಳನ್ನು ತಳದಿಂದ ಮೇಲಕ್ಕೆ, ನೀರು ಎಂದೂ ತಲುಪದ ಎತ್ತರಕ್ಕೆ ತನ್ನಿ. ಪಂಪಿನೊಡನೆ ಬರುವ ವೈರ್ ಗಿಡ್ಡವೆಂದು ಕೆಳಗೇ ಜೋಡಿಸಬೇಕಾಗಿ ಬಂದರೆ, ವೈರಿನ ಮೇಲೆ ಒತ್ತಿ ಕೂರಿಸಿ ಬಿಸಿ ಮಾಡಿದಾಗ ಕುಗ್ಗಿ ಬಿಗಿಯುವ, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ ಕ್ರಿಂಪ್ ಕನೆಕ್ಟರನ್ನೇ ಬಳಸಿ: 1.5 ಚದರ ಮಿಲಿಮೀಟರ್ ತನಕದ ವೈರಿಗೆ ಕೆಂಪು, 2.5ರ ತನಕ ನೀಲಿ. ವೈರನ್ನು ಹೊಳೆಯುವ ತಾಮ್ರ ಸಿಗುವ ತನಕ ಹಿಂದಕ್ಕೆ ಕತ್ತರಿಸಿ. ಎಷ್ಟು ಕತ್ತರಿಸಿದರೂ ಕಪ್ಪೇ ಬಂದರೆ ಆ ವೈರನ್ನು ಬ್ಯಾಟರಿಯ ತನಕ ಬದಲಿಸುವುದೇ ದಾರಿ, ಕಪ್ಪಾದ ತಾಮ್ರದ ಮೇಲೆ ಕ್ರಿಂಪ್ ನಿಲ್ಲುವುದಿಲ್ಲ. ರ‍್ಯಾಚೆಟ್ (ಪೂರ್ತಿ ಒತ್ತುವ ತನಕ ಸಡಿಲಿಸದ ಕಚ್ಚು) ಇರುವ ಕ್ರಿಂಪಿಂಗ್ ಉಪಕರಣದಿಂದ ಒತ್ತಿ, ಜೋರಾಗಿ ಎಳೆದು ನೋಡಿ, ಆಮೇಲೆ ಎರಡೂ ತುದಿಯಲ್ಲಿ ಅಂಟು ಉಕ್ಕಿ ಕಾಣುವ ತನಕ ಬಿಸಿ ಮಾಡಿ. ತವರ ಲೇಪಿಸಿದ, ಅನೇಕ ಎಳೆಗಳ ತಾಮ್ರದ ವೈರ್ ದೋಣಿಗೆ ತಕ್ಕದ್ದು; ಮನೆಯ ಗೋಡೆಯೊಳಗೆ ಹಾಕುವ ಒಂಟಿ ಎಳೆಯ ವೈರ್ ಅಲುಗಾಟಕ್ಕೆ ಮುರಿಯುತ್ತದೆ. ಬರೀ ಬೆಸುಗೆ ಹಾಕಿ ಬಿಡುವುದೂ ಸರಿಯಲ್ಲ, ಬೆಸುಗೆ ಹೀರಿದ ಜಾಗ ಗಡುಸಾಗಿ ಅದರ ಅಂಚಿನಲ್ಲಿ ಎಳೆಗಳು ತುಂಡಾಗುತ್ತವೆ. ವೈರನ್ನು ಅರ್ಧ ಮೀಟರಿಗೂ ಕಡಿಮೆ ಅಂತರದಲ್ಲಿ ಕ್ಲಿಪ್ ಹಾಕಿ ಕಟ್ಟಿ.

ವೈರ್ ಬದಲಿಸುವುದಾದರೆ ದಪ್ಪದ ಲೆಕ್ಕವನ್ನೂ ನೋಡಿಬಿಡಿ. ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್ ರೂಪಿಸಿರುವ ಮಾನದಂಡದಲ್ಲಿ ಮುಖ್ಯ ಉಪಕರಣಗಳ ವೈರಿಂಗಿನಲ್ಲಿ ವೋಲ್ಟೇಜ್ ನಷ್ಟ ನೂರಕ್ಕೆ 3ನ್ನು, ಅಷ್ಟು ಮುಖ್ಯವಲ್ಲದವುಗಳಲ್ಲಿ ನೂರಕ್ಕೆ 10ನ್ನು ಮೀರಬಾರದು. ಬಿಲ್ಜ್ ಪಂಪನ್ನು ಮೊದಲ ಗುಂಪಿಗೆ ಸೇರಿಸಿಯೇ ಲೆಕ್ಕ ಹಾಕಬೇಕು ಎಂಬುದು ನನ್ನ ಅಭಿಪ್ರಾಯ. 12 ವೋಲ್ಟಿಗೆ ನೂರಕ್ಕೆ 3 ಎಂದರೆ 0.36 ವೋಲ್ಟ್. ಬ್ಯಾಟರಿಯಿಂದ ಪಂಪಿಗೆ 5 ಮೀಟರ್ ದಾರಿಯಿದ್ದರೆ ಹೋಗಿ ಬರುವುದಕ್ಕೆ 10 ಮೀಟರ್ ಎಂದು ಎಣಿಸಬೇಕು. 4 ಆಂಪಿಯರಿಗೆ 1.5 ಚದರ ಮಿಲಿಮೀಟರಿನ ವೈರಿನಲ್ಲಿ ಸುಮಾರು 0.5 ವೋಲ್ಟ್, 2.5ರ ವೈರಿನಲ್ಲಿ ಸುಮಾರು 0.3 ವೋಲ್ಟ್ ನಷ್ಟವಾಗುತ್ತದೆ, ಆದ್ದರಿಂದ ಎರಡನೆಯದನ್ನೇ ಹಾಕಿ.

ಇನ್ನು ‘ಆಟೋ’ ವಿಷಯ. ನಿಮ್ಮ ಪ್ಯಾನೆಲ್ಲಿನಲ್ಲಿ ಕೈಚಾಲನೆ, ಬಂದ್, ಆಟೋ ಎಂಬ ಮೂರು ಸ್ಥಾನಗಳ ಸ್ವಿಚ್ ಇರಬೇಕು. ಕೈಚಾಲನೆಯಲ್ಲಿ ಕರೆಂಟ್ ನೇರವಾಗಿ ಪಂಪಿಗೆ ಹೋಗುತ್ತದೆ, ಆಟೋದಲ್ಲಿ ಫ್ಲೋಟ್ ಸ್ವಿಚ್ಚಿನ ಮೂಲಕ ಹೋಗುತ್ತದೆ. ಪಂಪಿನಿಂದ ಎರಡೇ ವೈರ್ ಬಂದಿದ್ದರೆ ಫ್ಲೋಟ್ ಸ್ವಿಚ್ ಬೇರೆಯಾಗಿ ಪಕ್ಕದಲ್ಲಿರುತ್ತದೆ. ಮೂರು ವೈರ್ ಇದ್ದರೆ ನೀರನ್ನು ಗುರುತಿಸುವ ವ್ಯವಸ್ಥೆ ಪಂಪಿನೊಳಗೇ ಇದೆ ಎಂದರ್ಥ, ಸಾಮಾನ್ಯವಾಗಿ ಕಂದು ವೈರ್ ಕೈಚಾಲನೆಗೆ, ಬಿಳಿ ಗೆರೆಯಿರುವ ಕಂದು ಆಟೋಗೆ, ಕಪ್ಪು ಮೈನಸ್‌ಗೆ. ಆದರೂ ಪಂಪಿನೊಡನೆ ಬಂದ ಚಿತ್ರವನ್ನೇ ಕೊನೆಯ ಮಾತೆಂದು ನಂಬಿ. ಈ ಬಣ್ಣಗಳನ್ನು ಅದಲುಬದಲು ಮಾಡಿ ಪ್ಲಸ್ ಮೈನಸ್ ತಿರುಗಿಸಿ ಜೋಡಿಸಿದರೂ ಸಾದಾ ಪಂಪ್ ಹಿಮ್ಮುಖವಾಗಿ ತಿರುಗಿ ಒಂದಿಷ್ಟು ನೀರು ಕೊಡುತ್ತದೆ. ಹೀಗಾಗಿ ಹೊಸದಾಗಿ ಹಾಕಿದ ಪಂಪ್ ಮೊದಲ ದಿನದಿಂದಲೇ ಸೊರಗಿದ್ದರೆ ಇದನ್ನೂ ನೋಡಬೇಕು.

ಬೇರೆಯಾದ ಫ್ಲೋಟ್ ಇದ್ದರೆ ಸ್ವಿಚ್ಚನ್ನು ಆಟೋಗೆ ಹಾಕಿ ಫ್ಲೋಟನ್ನು ಕೈಯಿಂದ ಎತ್ತಿ ನೋಡಿ. ಪಂಪ್ ಓಡಿದರೆ ದೋಷ ವಿದ್ಯುತ್ತಿನದಲ್ಲ, ಫ್ಲೋಟಿನ ಕೀಲಿಗೆ ಜಿಡ್ಡೋ ಕಸವೋ ಸಿಕ್ಕಿಕೊಂಡಿದೆ, ಇಲ್ಲವೇ ಪಕ್ಕದ ವೈರ್ ಅದನ್ನು ಏಳದಂತೆ ಅದುಮಿದೆ. ಓಡದಿದ್ದರೆ ಫ್ಲೋಟ್ ಎತ್ತಿರುವಾಗಲೇ ಅದಕ್ಕೆ ಬರುವ ವೈರಿನಲ್ಲಿ, ಆಮೇಲೆ ಅದರಿಂದ ಪಂಪಿಗೆ ಹೊರಡುವ ವೈರಿನಲ್ಲಿ ಮೈನಸ್ಸಿಗೆ ಹೋಲಿಸಿ ವೋಲ್ಟೇಜ್ ಅಳೆಯಿರಿ. ಬರುವ ವೈರಿನಲ್ಲಿಯೇ ಕರೆಂಟ್ ಇಲ್ಲದಿದ್ದರೆ ಫ್ಯೂಸ್ ಅಥವಾ ಮೇಲಿನ ಜಾಯಿಂಟ್ ಹೋಗಿದೆ. ಬಂದು ಹೊರಗೆ ಹೋಗುತ್ತಿಲ್ಲವಾದರೆ ಫ್ಲೋಟ್ ಸ್ವಿಚ್ಚೇ ಹೋಗಿದೆ, ಅದನ್ನು ರಿಪೇರಿ ಮಾಡಲು ಹೋಗದೆ ಬದಲಿಸಿ. ಅದರ ಸಂಪರ್ಕ ಬಿಂದುಗಳು ಅಂಟಿಕೊಂಡು ಸದಾ ಚಾಲೂ ಇರುವ ತೊಂದರೆಯೂ ಉಂಟು; 4 ಆಂಪಿಯರಿನ ಪಂಪ್ ಹಾಗೆ ಓಡುತ್ತಾ ಇದ್ದರೆ 80 ಆಂಪಿಯರ್‌ಅವರ್ ಬ್ಯಾಟರಿ 20 ಗಂಟೆಯಲ್ಲಿ ಖಾಲಿ.

ಇಲ್ಲಿ ಇನ್ನೊಂದು ಅಂಶವನ್ನು ಅಗತ್ಯವಾಗಿ ಪರೀಕ್ಷಿಸಿ. ದೋಣಿ ಬಿಟ್ಟು ಹೊರಡುವಾಗ ನೀವು ಬ್ಯಾಟರಿಯ ಮುಖ್ಯ ಸ್ವಿಚ್ ಆರಿಸುತ್ತೀರಾ? ಆಟೋ ದಾರಿಯನ್ನು ಯಾರಾದರೂ ಆ ಮುಖ್ಯ ಸ್ವಿಚ್ಚಿನ ಆಚೆ ಜೋಡಿಸಿದ್ದರೆ, ನೀವು ಹೊರಟ ಕ್ಷಣದಿಂದ ಆಟೋ ಕೆಲಸ ಮಾಡುವುದೇ ಇಲ್ಲ. ಆಟೋದ ಪ್ಲಸ್ ವೈರ್ ಮುಖ್ಯ ಸ್ವಿಚ್ಚನ್ನು ಬಿಟ್ಟು ನೇರವಾಗಿ ಬ್ಯಾಟರಿಯಿಂದ, ತನ್ನದೇ ಫ್ಯೂಸಿನ ಮೂಲಕ ಬರಬೇಕು, ಮತ್ತು ಆ ಫ್ಯೂಸ್ ಬ್ಯಾಟರಿಗೆ ಒಂದು ಗೇಣಿನೊಳಗೇ ಇರಬೇಕು. ಬ್ಯಾಟರಿಯಿಂದ ಫ್ಯೂಸಿನ ತನಕದ ವೈರಿಗೆ ರಕ್ಷಣೆಯೇ ಇಲ್ಲವಾದ್ದರಿಂದ ಆ ತುಂಡು ಆದಷ್ಟು ಗಿಡ್ಡವಾಗಿರಲಿ.

ಫ್ಯೂಸಿನ ಬಗ್ಗೆ ನಿಮ್ಮನ್ನು ಸ್ವಲ್ಪ ಗಟ್ಟಿಯಾಗಿಯೇ ಕೇಳಿಕೊಳ್ಳುತ್ತೇನೆ: ಆ 10 ಆಂಪಿಯರಿನದನ್ನು ಇಂದೇ ತೆಗೆದು 5ರದ್ದನ್ನು ಹಾಕಿ. ಮೋಟಾರ್ ತಿರುಗುತ್ತಿರುವಾಗ ಅದರೊಳಗೆ ಹುಟ್ಟುವ ಎದುರು ವೋಲ್ಟೇಜ್ ಕರೆಂಟಿಗೆ ಕಡಿವಾಣ ಹಾಕುತ್ತದೆ. ಮೀನಿನ ಗಾಳದ ದಾರವೋ ಪ್ಲಾಸ್ಟಿಕ್ ಚೂರೋ ಇಂಪೆಲರಿಗೆ ಸಿಕ್ಕಿ ಅದು ನಿಂತುಹೋದರೆ ಆ ಕಡಿವಾಣ ಇಲ್ಲವಾಗಿ ಕರೆಂಟ್ ಹಲವು ಪಟ್ಟು ಏರುತ್ತದೆ. ಆಗ ಹೋಗುವುದಕ್ಕೆಂದೇ 5 ಆಂಪಿಯರಿನ ಫ್ಯೂಸನ್ನು ಪಂಪ್ ಮಾಡಿದವರು ಗೊತ್ತುಮಾಡಿರುತ್ತಾರೆ. ಇದರ ಜೊತೆಗೆ ದಾರಿಯಲ್ಲಿ ಕಿಲುಬು ಹಿಡಿದ ಜಾಯಿಂಟ್ ಇದ್ದರೆ ಅದರ ರೋಧ ಕರೆಂಟನ್ನು 7–8 ಆಂಪಿಯರಿನಲ್ಲಿ ತಡೆದು ನಿಲ್ಲಿಸಬಹುದು. 10ರ ಫ್ಯೂಸ್ ಸುಮ್ಮನೆ ನೋಡುತ್ತಿರುತ್ತದೆ, ಪೆಟ್ರೋಲ್ ಎಂಜಿನಿನ ಪಕ್ಕದಲ್ಲಿ ಜಾಯಿಂಟ್ ಮತ್ತು ಮೋಟಾರ್ ಎರಡೂ ಗಂಟೆಗಟ್ಟಲೆ ಕಾಯುತ್ತಿರುತ್ತವೆ. ನಿಮ್ಮ ದೋಣಿಯಲ್ಲಿ ಈಗ ಇರುವ ಪರಿಸ್ಥಿತಿ ಸರಿಯಾಗಿ ಇದೇ.

ಫ್ಯೂಸ್ ಏಕೆ ಹೋಯಿತು ಎಂದು ತಿಳಿಯಲು ಅದನ್ನು ತೆಗೆದಿಟ್ಟು ಪಂಪಿನ ಜಾಲರಿ ಕಳಚಿ, ಇಂಪೆಲರನ್ನು ಬೆರಳಿನಿಂದ ತಿರುಗಿಸಿ. ಸಲೀಸಾಗಿ ತಿರುಗಬೇಕು, ತೊಡಕಿದ್ದರೆ ಅಕ್ಷದ ಬುಡದಲ್ಲಿ ಸುತ್ತಿಕೊಂಡ ಕೂದಲು, ದಾರ ಹುಡುಕಿ ತೆಗೆಯಿರಿ. ಆಮೇಲೆ ಮೀಟರನ್ನು 10 ಆಂಪಿಯರ್ ಸ್ಥಾನಕ್ಕೆ ಬದಲಿಸಿ, ಫ್ಯೂಸ್ ಇದ್ದ ಜಾಗದಲ್ಲಿ ಅದನ್ನೇ ಸೇರಿಸಿ, ಪಂಪ್ ನೀರು ಎತ್ತುತ್ತಿರುವಾಗ ಎಷ್ಟು ಎಳೆಯುತ್ತದೆ ನೋಡಿ. 4ರ ಆಸುಪಾಸು ಬಂದರೆ ಒಳ್ಳೆಯದು. ಅಳೆದ ಕೂಡಲೇ ಕೆಂಪು ವೈರನ್ನು ಮೀಟರಿನ ವೋಲ್ಟ್ ರಂಧ್ರಕ್ಕೆ ಮರಳಿ ಹಾಕಿ, ಇಲ್ಲದಿದ್ದರೆ ಮುಂದಿನ ಸಲ ವೋಲ್ಟ್ ಅಳೆಯುವಾಗ ಬ್ಯಾಟರಿಯನ್ನು ಶಾರ್ಟ್ ಮಾಡಿದಂತಾಗುತ್ತದೆ. ಫ್ಯೂಸ್ ಹೋಲ್ಡರನ್ನೂ ಮುಟ್ಟಿ ನೋಡಿ. ಗಾಜಿನ ಫ್ಯೂಸಿನ ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ ಅಲ್ಲಿಯೇ ಹುಟ್ಟುವ ಶಾಖಕ್ಕೆ ಕರೆಂಟ್ ಸರಿಯಾಗಿದ್ದರೂ ಫ್ಯೂಸ್ ಹೋಗುತ್ತದೆ. ಗಾಜು ಕಪ್ಪಾಗಿದ್ದರೆ ಎಲ್ಲೋ ಪೂರ್ತಿ ಶಾರ್ಟ್ ಆಗಿದೆ, ಅಂದರೆ ಸಿಪ್ಪೆ ಸವೆದ ವೈರನ್ನು ಹುಡುಕಬೇಕು.

ವೋಲ್ಟೇಜ್ ಸರಿಬಂದ ಮೇಲೆಯೂ ನೀರು ಬಾರದಿದ್ದರೆ ಪೈಪಿನ ಕಡೆ ನೋಡಿ. ಹೊರಪೈಪ್ ಕೆಳಕ್ಕೆ ಜೋತುಬಿದ್ದಿದ್ದರೆ ಅಲ್ಲಿ ನಿಂತ ನೀರಿನ ಹಿಂದೆ ಗಾಳಿ ಸಿಕ್ಕಿಕೊಂಡು ಪಂಪ್ ಗಾಳಿಯಲ್ಲಿಯೇ ತಿರುಗುತ್ತಿರುತ್ತದೆ. ನೀರು ಹಿಂದಕ್ಕೆ ಬಾರದಿರಲೆಂದು ಹಾಕುವ ವಾಲ್ವ್ ಕೂಡ ಇದೇ ತೊಂದರೆ ತರುತ್ತದೆ, ಸೆಂಟ್ರಿಫ್ಯೂಗಲ್ ಪಂಪಿನ ದಾರಿಯಲ್ಲಿ ಅದನ್ನು ಹಾಕದಿರುವುದೇ ಮೇಲು.

ರಾತ್ರಿ ಸದ್ದು ಮಾಡುವ ಸಿಹಿನೀರಿನ ಪಂಪಿಗೂ ಇದಕ್ಕೂ ಬಹುಮಟ್ಟಿಗೆ ಸಂಬಂಧವಿಲ್ಲ. ಆ ಪಂಪಿನ ತಲೆಯಲ್ಲಿರುವ ಪ್ರೆಶರ್ ಸ್ವಿಚ್, ಪೈಪಿನ ಒತ್ತಡ ನಿಗದಿಯಾದ ಮಟ್ಟಕ್ಕೆ, ಅನೇಕ ಮಾದರಿಗಳಲ್ಲಿ ಸುಮಾರು 2.8 ಬಾರ್‌ಗೆ, ಏರಿದಾಗ ನಿಲ್ಲಿಸಿ, ಇಳಿದಾಗ ಮತ್ತೆ ಓಡಿಸುತ್ತದೆ. ಯಾರೂ ನಲ್ಲಿ ಮುಟ್ಟದೆ ಅದು ಓಡುತ್ತಿದ್ದರೆ ಒತ್ತಡ ಎಲ್ಲೋ ಸೋರುತ್ತಿದೆ: ತೊಟ್ಟಿಕ್ಕುವ ನಲ್ಲಿ, ಬಿಸಿನೀರಿನ ಟ್ಯಾಂಕಿನ ಸುರಕ್ಷಾ ವಾಲ್ವ್, ಅಥವಾ ಪಂಪಿನೊಳಗಿನ ವಾಲ್ವಿನ ಮೂಲಕ ಟ್ಯಾಂಕಿಗೇ ವಾಪಸು. ಪಂಪಿನ ನಂತರ ಮುಚ್ಚುವ ವಾಲ್ವ್ ಇದ್ದರೆ ಅದನ್ನು ಒಂದು ರಾತ್ರಿ ಮುಚ್ಚಿಡಿ. ಆಗಲೂ ಓಡಿದರೆ ಪಂಪಿನ ಒಳಗಿನ ವಾಲ್ವ್, ಓಡದಿದ್ದರೆ ಪೈಪಿನ ದಾರಿ. ಪ್ರತಿ ಜೋಡಣೆಯ ಕೆಳಗೆ ಒಣ ಕಾಗದ ಇಟ್ಟರೆ ಬೆಳಿಗ್ಗೆ ಒದ್ದೆಯಾದದ್ದು ತಾನೇ ತೋರಿಸುತ್ತದೆ. ನಲ್ಲಿಗಳೆಲ್ಲ ಮುಚ್ಚಿದ್ದರೂ, ಟ್ಯಾಂಕಿನಲ್ಲಿ ನೀರಿದ್ದರೂ ಈ ಪಂಪ್ ನಿಲ್ಲದೇ ಓಡುತ್ತಿದ್ದರೆ ಮಾತ್ರ ವಿದ್ಯುತ್ತನ್ನು ಶಂಕಿಸಿ. ವೋಲ್ಟೇಜ್ ಕಡಿಮೆಯಾದಾಗ ಅದು ನಿಲ್ಲಬೇಕಾದ ಒತ್ತಡವನ್ನು ತಲುಪಲಾರದೆ ಓಡುತ್ತಲೇ ಇರುತ್ತದೆ. ಆಗ ಮೇಲೆ ಹೇಳಿದ ಅಳತೆಯನ್ನೇ ಇದಕ್ಕೂ ಮಾಡಿ.

ನಿಮ್ಮ ಕೊನೆಯ ಪ್ರಶ್ನೆಗೆ ನೇರ ಉತ್ತರ ಇದು. ಪಂಪಿನ ವೈರ್‌ಗಳಲ್ಲಿ ಲೋಡ್ ಇರುವಾಗ 12 ವೋಲ್ಟಿಗಿಂತ ಮೇಲೆ ಸಿಗುತ್ತಿದ್ದು, ಇಂಪೆಲರ್ ಸಲೀಸಾಗಿ ತಿರುಗುತ್ತಿದ್ದು, ಆದರೂ ಪಂಪ್ 5 ಆಂಪಿಯರಿನ ಫ್ಯೂಸನ್ನು ಸುಡುತ್ತಿದ್ದರೆ, ಅಥವಾ ಮೈಮೇಲೆ ತಟ್ಟಿದಾಗ ಮಾತ್ರ ಹೊರಡುತ್ತಿದ್ದರೆ, ಮೋಟಾರಿನ ಸುರುಳಿಯೋ ಕಾರ್ಬನ್ ಬ್ರಷ್‌ಗಳೋ ಹೋಗಿವೆ. ಆಗ ಹೊಸದನ್ನು ಕೊಳ್ಳಿ. ಜಾಯಿಂಟ್‌ಗಳನ್ನು ಸರಿಪಡಿಸಿದ ಮೇಲೆ ಮುಖ್ಯ ಸ್ವಿಚ್ ಆರಿಸಿ, ಪ್ಯಾನೆಲ್ ಸ್ವಿಚ್ಚನ್ನು ಆಟೋದಲ್ಲಿ ಬಿಟ್ಟು, ತಳಕ್ಕೆ ಬಕೆಟ್‌ಗಟ್ಟಲೆ ನೀರು ಸುರಿದು ನೋಡಿ. ಫ್ಲೋಟ್ ತಾನಾಗಿ ಎದ್ದು, ಪಂಪ್ ತುಂಬು ಧಾರೆಯಲ್ಲಿ ನೀರು ಹೊರಹಾಕಿ, ಫ್ಲೋಟ್ ಇಳಿದ ಮೇಲೆ ತಾನಾಗಿ ನಿಂತರೆ ಕೆಲಸ ಮುಗಿಯಿತು. ಪಂಪ್ ಓಡುತ್ತಿರುವಾಗ ಬ್ಯಾಟರಿಯಲ್ಲಿ ಮತ್ತು ಪಂಪಿನಲ್ಲಿ ಬಂದ ಎರಡು ಅಂಕಿಗಳನ್ನು ತಾರೀಖಿನ ಸಹಿತ ಪ್ಯಾನೆಲ್ಲಿನ ಮುಚ್ಚಳದ ಒಳಬದಿಯಲ್ಲಿ ಬರೆದಿಡಿ. ಮುಂದಿನ ಋತುವಿನಲ್ಲಿ ಮತ್ತೆ ಅಳೆದಾಗ ಅವುಗಳ ನಡುವಿನ ಅಂತರ ಬೆಳೆದಿದ್ದರೆ ಯಾವುದೋ ಜಾಯಿಂಟ್ ಕೆಡಲು ಶುರುವಾಗಿದೆ ಎಂದು ಪಂಪ್ ನಿಲ್ಲುವ ಮೊದಲೇ ನಿಮಗೆ ತಿಳಿಯುತ್ತದೆ.